ಕ್ಲೋನಿಂಗ್: 277 ಅಂಡಾಣು, ಒಂದೇ ಕುರಿಮರಿ. ನೈತಿಕ ಪ್ರಶ್ನೆ ಎಲ್ಲಿಂದ ಶುರುವಾಗಬೇಕು? (ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಕೋಶಕೇಂದ್ರ

ಕ್ಲೋನಿಂಗ್ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಮಾತು ನೇರವಾಗಿ ಮನುಷ್ಯನ ನಕಲಿಗೆ ಹಾರುತ್ತದೆ. ಅಲ್ಲಿಂದ ಮುಂದೆ ಭಯ ಒಂದು ಕಡೆ, ಉತ್ಸಾಹ ಇನ್ನೊಂದು ಕಡೆ. ಪ್ರಯೋಗಾಲಯದಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಇಲ್ಲಿ ಬೇರೆ ತುದಿಯಿಂದ ಶುರುಮಾಡೋಣ.

1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕ್ಲೋನ್ ಕುರಿಮರಿ ಹುಟ್ಟಿದಾಗಿನ ಲೆಕ್ಕ ಹೀಗಿದೆ. ಆರು ವರ್ಷದ ಕುರಿಯ ಕೆಚ್ಚಲಿನ ಕೋಶಗಳೊಂದಿಗೆ ಬೆಸೆದ ಅಂಡಾಣುಗಳು 277. ಗರ್ಭಕ್ಕೆ ಸೇರಿಸುವಷ್ಟು ಬೆಳೆದ ಭ್ರೂಣಗಳು 29. ಅವನ್ನು ಹೊರಲು ಬಳಸಿದ ಕುರಿಗಳು 13. ಹುಟ್ಟಿದ ಮರಿ 1. ಲಾಭವನ್ನು ಎಷ್ಟು ದೊಡ್ಡದಾಗಿ ಹೇಳಿದರೂ ಈ 277ಕ್ಕೂ 1ಕ್ಕೂ ನಡುವೆ ಏನಾಯಿತು, ಅದರ ನೋವನ್ನು ಯಾರು ತಿಂದರು ಎಂದು ಕೇಳದೆ ನೈತಿಕತೆಯ ಮಾತು ಮುಂದೆ ಹೋಗಬಾರದು ಎಂಬುದು ನನ್ನ ನಿಲುವು.

ಹಸುವಿನಲ್ಲಿ ಇಂದು ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಮುಂದಿನ ಮಾತಿಗೆ ಅದು ಬೇಕು.

ಅಂಡಾಶಯದಿಂದ 2ರಿಂದ 8 ಮಿಲಿಮೀಟರ್ ಗಾತ್ರದ ಕೋಶಿಕೆಗಳಲ್ಲಿ, ಅಂದರೆ ಅಂಡಾಣು ಬೆಳೆಯುವ ಪುಟ್ಟ ನೀರುಚೀಲಗಳಲ್ಲಿ, ಇರುವ ಅಂಡಾಣುಗಳನ್ನು ಸೂಜಿಯಿಂದ ಎಳೆದು, 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 22 ಗಂಟೆ ಇಟ್ಟು ಮಾಗಿಸುತ್ತಾರೆ. ಸುತ್ತಲಿನ ಕೋಶಗಳನ್ನು ಹಯಲುರೊನಿಡೇಸ್ ಕಿಣ್ವ ಹಾಕಿ ಬಿಡಿಸಿ, ಮೊದಲ ಧ್ರುವಕಾಯ (ಮಾಗಿದಾಗ ಅಂಡಾಣು ಹೊರಹಾಕುವ ಪುಟ್ಟ ಕೋಶ) ಕಾಣುವ ಅಂಡಾಣುಗಳನ್ನಷ್ಟೇ ಆರಿಸುತ್ತಾರೆ. ಅದರ ಪಕ್ಕದಲ್ಲೇ ಅಂಡಾಣುವಿನ ವರ್ಣತಂತುಗಳು ಇರುತ್ತವೆ. ಸೈಟೊಕಲಾಸಿನ್-ಬಿ ಹಾಕಿದರೆ ಒಳಗಿನ ಹಂದರ ಸಡಿಲವಾಗುತ್ತದೆ, ಪೊರೆ ಒಡೆಯದೆ ಬಾಗುತ್ತದೆ. ಆಗ ಸೂಕ್ಷ್ಮ ಗಾಜಿನ ನಳಿಕೆಯಿಂದ ವರ್ಣತಂತುಗಳನ್ನು ಹೀರಿ ತೆಗೆದು, ಹೊರಚಿಪ್ಪಿನ ಕೆಳಗಿನ ಸಂದಿಗೆ ದಾನಿ ಕೋಶವನ್ನು (ನಕಲು ಮಾಡಬೇಕಾದ ಪ್ರಾಣಿಯ ಕೋಶ) ಸೇರಿಸಿ, ಹತ್ತಾರು ಮೈಕ್ರೊಸೆಕೆಂಡುಗಳ ವಿದ್ಯುತ್ ಮಿಡಿತ ಕೊಟ್ಟು ಎರಡನ್ನೂ ಬೆಸೆಯುತ್ತಾರೆ. ಆಮೇಲೆ ವೀರ್ಯಾಣು ಮಾಡಬೇಕಿದ್ದ ಕೆಲಸವನ್ನು ರಾಸಾಯನಿಕದಿಂದ ಮಾಡಿಸಬೇಕು: 5 ಮೈಕ್ರೊಮೋಲಾರ್ ಅಯನೊಮೈಸಿನ್ ಐದು ನಿಮಿಷ, ನಂತರ 2 ಮಿಲಿಮೋಲಾರ್ 6-ಡಿಎಂಎಪಿ ಮೂರು ನಾಲ್ಕು ಗಂಟೆ. ಏಳು ದಿನ ಸಾಕಿದ ಮೇಲೆ ಬ್ಲಾಸ್ಟೊಸಿಸ್ಟ್ (ಗರ್ಭಕ್ಕೆ ಸೇರಿಸಲು ತಯಾರಾದ ಟೊಳ್ಳುಚೆಂಡಿನಂಥ ಭ್ರೂಣ) ಆದದ್ದನ್ನು, ಬೆದೆಗೆ ಬಂದು ಏಳು ದಿನವಾದ ಹಸುವಿನ ಗರ್ಭಕ್ಕೆ ಸೇರಿಸುತ್ತಾರೆ.

ಹೊಸ ಓದುಗ

ತುಂಬ ಧನ್ಯವಾದ ಸರ್. ಒಂದು ಸಂಶಯ. ಇಷ್ಟು ಸ್ಪಷ್ಟವಾದ ವಿಧಾನ ಇದ್ದರೂ ಇಷ್ಟೊಂದು ಸೋಲು ಯಾಕೆ? ಕೈಚಳಕ ಸಾಲದೆಯೋ, ಒಳಗೇ ಏನೋ ಅಡ್ಡಿ ಇದೆಯೋ?

ಕೋಶಕೇಂದ್ರ

ಎರಡೂ ಇವೆ, ಆದರೆ ಎರಡನೆಯದೇ ದೊಡ್ಡದು.

ಕೈಕೆಲಸದ ತಪ್ಪುಗಳು ಇವು. ಹಳೆಯ ವರ್ಣತಂತು ಪೂರ್ತಿ ಹೋಗದೆ ಉಳಿದರೆ ಭ್ರೂಣದಲ್ಲಿ ವರ್ಣತಂತುಗಳ ಸಂಖ್ಯೆಯೇ ಕೆಡುತ್ತದೆ. ಅದು ಹೋಗಿದೆಯೇ ಎಂದು ನೋಡಲು ಹೋಕ್ಸ್ಟ್ 33342 ಬಣ್ಣ ಹಾಕಿ ಅತಿನೇರಳೆ ಬೆಳಕು ಬಿಡುತ್ತಾರೆ. ಆ ಬೆಳಕು ಕೆಲವು ಸೆಕೆಂಡು ಹೆಚ್ಚಾದರೂ ಅಂಡಾಣುವಿಗೇ ಪೆಟ್ಟು. ಮಿಡಿತ ಜೋರಾದರೆ ಕೋಶ ಒಡೆಯುತ್ತದೆ, ಕಡಿಮೆಯಾದರೆ ಬೆಸೆಯುವುದಿಲ್ಲ. ದಾನಿ ಕೋಶ ತನ್ನ ಡಿಎನ್ಎಯನ್ನು ಇಮ್ಮಡಿಸಿಕೊಳ್ಳುತ್ತಿರುವ ಹಂತದಲ್ಲಿದ್ದರೆ ಅಂಡಾಣುವಿನ ಒಳಗಿನ ವಾತಾವರಣ ಅದನ್ನು ಚೂರುಚೂರು ಮಾಡುತ್ತದೆ. ಅದಕ್ಕೇ ಡಾಲಿಯ ತಂಡ ದಾನಿ ಕೋಶಗಳಿಗೆ ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ) ಅನ್ನು ಶೇ. 0.5ಕ್ಕೆ ಇಳಿಸಿ, ಐದು ದಿನ ಹಸಿವಿನಲ್ಲಿಟ್ಟು ವಿಶ್ರಾಂತಿ ಹಂತಕ್ಕೆ ತಂದಿತ್ತು. ಆ ತಂಡದ ಕೀತ್ ಕ್ಯಾಂಬೆಲ್ ಅವರ ಈ ಒಳನೋಟ ಇಲ್ಲದಿದ್ದರೆ ಆ ಪ್ರಯೋಗ ಗೆಲ್ಲುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಇವನ್ನೆಲ್ಲ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಕಷ್ಟ ಇರುವುದು ಮರುಹೊಂದಿಕೆಯಲ್ಲಿ, ಅಂದರೆ ದಾನಿ ಕೋಶದ ವಂಶವಾಹಿಗಳನ್ನು ಭ್ರೂಣದ ಸ್ಥಿತಿಗೆ ಮರಳಿಸುವುದರಲ್ಲಿ. ಚರ್ಮದ ಕೋಶದಲ್ಲಿ ಎಲ್ಲ ವಂಶವಾಹಿಗಳೂ ಇವೆ, ಆದರೆ ಚರ್ಮಕ್ಕೆ ಬೇಡದವು ಮೀಥೈಲ್ ಎಂಬ ರಾಸಾಯನಿಕ ಗುರುತು ಬಿದ್ದು, ಹಿಸ್ಟೋನ್ (ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನು) ಬಿಗಿತದಲ್ಲಿ ಮುಚ್ಚಿಹೋಗಿವೆ. ವೀರ್ಯಾಣು ಮತ್ತು ಅಂಡಾಣು ತಯಾರಾಗುವಾಗ ಈ ಗುರುತುಗಳು ದೀರ್ಘಕಾಲ ತೆಗೆದುಕೊಂಡು, ಕ್ರಮಬದ್ಧವಾಗಿ ಅಳಿದು ಹೊಸದಾಗಿ ಬರೆಯಲ್ಪಡುತ್ತವೆ. ಕ್ಲೋನಿಂಗ್‌ನಲ್ಲಿ ಅದೇ ಕೆಲಸ ಭ್ರೂಣದ ಮೊದಲ ಕೆಲವು ವಿಭಜನೆಗಳೊಳಗೆ ಮುಗಿಯಬೇಕು. ಹಿಸ್ಟೋನ್ ಎಚ್3ರ 9ನೇ ಲೈಸಿನ್ ಮೇಲಿನ ಮೂರು ಮೀಥೈಲ್‌ಗಳ ಗುರುತು ಉಳಿದುಕೊಂಡರೆ ಭ್ರೂಣ ತನ್ನದೇ ವಂಶವಾಹಿಗಳನ್ನು ತೆರೆಯಬೇಕಾದ ಹೊತ್ತಿಗೆ ತೆರೆಯಲಾಗದೆ ನಿಂತುಬಿಡುತ್ತದೆ. 2018ರಲ್ಲಿ ವರದಿಯಾದ ಚೀನಾದ ಮಂಗಗಳ ಪ್ರಯೋಗ ಗೆದ್ದದ್ದು ಈ ಗುರುತನ್ನು ಅಳಿಸುವ ಕೆಡಿಎಂ4ಡಿ ಕಿಣ್ವದ ಎಂಆರ್‌ಎನ್ಎ ಚುಚ್ಚಿ, ಜೊತೆಗೆ ಹಿಸ್ಟೋನ್ ಬಿಗಿತ ಸಡಿಲಿಸುವ ಟ್ರೈಕೊಸ್ಟಾಟಿನ್-ಎ ಕೊಟ್ಟದ್ದರಿಂದ. ಆಗಲೂ 79 ಭ್ರೂಣಗಳು 21 ಮಂಗಗಳ ಗರ್ಭಕ್ಕೆ ಹೋದವು. ಬದುಕಿದ್ದು ಎರಡು, ಜೋಂಗ್ ಜೋಂಗ್ ಮತ್ತು ಹುವಾ ಹುವಾ. ಬಳಸಿದ್ದೂ ಭ್ರೂಣಾವಸ್ಥೆಯ ಚರ್ಮಕೋಶಗಳನ್ನು, ಬೆಳೆದ ಪ್ರಾಣಿಯದನ್ನಲ್ಲ.

ಪಶುವೈದ್ಯೆ

ಪ್ರಯೋಗಾಲಯದ ಸೋಲು ತಟ್ಟೆಯಲ್ಲೇ ಮುಗಿಯುತ್ತದೆ, ಕೊಟ್ಟಿಗೆಯ ಸೋಲು ಹಾಗಲ್ಲ. ನನ್ನ ಮಟ್ಟಿಗೆ ನಿಜವಾದ ನೈತಿಕ ಭಾರ ಗರ್ಭ ಹೊರುವ ಪ್ರಾಣಿಯದು. ಚರ್ಚೆಗಳಲ್ಲಿ ಆ ಪ್ರಾಣಿಯ ಹೆಸರೇ ಬರುವುದಿಲ್ಲ.

ಹಸುವಿನಲ್ಲಿ ಕ್ಲೋನ್ ಭ್ರೂಣ ಗಬ್ಬ ನಿಂತ ಮೇಲೂ 30ರಿಂದ 90ನೇ ದಿನದ ಒಳಗೆ ಹೆಚ್ಚಿನವು ಹೋಗುತ್ತವೆ. ಕಾರಣ ಮಾಸು ಸರಿಯಾಗಿ ಕಟ್ಟದಿರುವುದು. ತಾಯಿಯ ಗರ್ಭಕ್ಕೂ ಮಾಸಿಗೂ ಸಂಪರ್ಕ ಕೊಡುವ ಗುಂಡಿಯಂಥ ಬೆಸುಗೆಗಳು ಸಂಖ್ಯೆಯಲ್ಲಿ ಕಡಿಮೆ ಇರುತ್ತವೆ, ಇದ್ದವು ಅತಿಯಾಗಿ ಊದಿಕೊಳ್ಳುತ್ತವೆ. ಕೊನೆಯ ಮೂರು ತಿಂಗಳಲ್ಲಿ ಕಾಣುವ ತೊಂದರೆ ಇನ್ನೂ ಕೆಟ್ಟದ್ದು: ಗರ್ಭದ ನೀರಿನ ಚೀಲದಲ್ಲಿ ದ್ರವ ಮಿತಿಮೀರಿ ತುಂಬುತ್ತದೆ. ಹೊಟ್ಟೆ ಎರಡೂ ಕಡೆ ಉಬ್ಬಿ, ಹಸು ಮೇವು ಬಿಟ್ಟು, ಏಳಲಾಗದೆ ಮಲಗುತ್ತದೆ. ಆ ಹಂತದಲ್ಲಿ ಗರ್ಭ ಇಳಿಸದಿದ್ದರೆ ಹಸುವೂ ಉಳಿಯುವುದಿಲ್ಲ.

ದಿನ ತುಂಬಿದರೆ ಕರು ದೊಡ್ಡದು. 40 ಕಿಲೋ ಆಸುಪಾಸಿನಲ್ಲಿ ಹುಟ್ಟಬೇಕಾದ ತಳಿಯಲ್ಲಿ 60 ಕಿಲೋ ದಾಟಿದ ಕರುಗಳ ವರದಿ ಇದೆ. ಇದಕ್ಕೆ ಅತಿಗಾತ್ರದ ಕರುವಿನ ಲಕ್ಷಣ ಎನ್ನುತ್ತಾರೆ. ತಂದೆಯಿಂದ ಬಂದದ್ದೋ ತಾಯಿಯಿಂದ ಬಂದದ್ದೋ ಎಂಬುದರ ಮೇಲೆ ಕೆಲಸ ಮಾಡುವ ವಂಶವಾಹಿಗಳ, ವಿಶೇಷವಾಗಿ ಬೆಳವಣಿಗೆ ನಿಯಂತ್ರಿಸುವ ಐಜಿಎಫ್2 ಗುಂಪಿನ, ಗುರುತುಗಳು ಅದಲುಬದಲಾದಾಗ ಹೀಗಾಗುತ್ತದೆ. ಹೆರಿಗೆಯ ಸೂಚನೆ ಕೂಡ ತಡ, ಯಾಕೆಂದರೆ ಹೆರಿಗೆ ಶುರುಮಾಡುವ ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ಕರುವಿನ ಕಡೆಯಿಂದ ಸರಿಯಾಗಿ ಬರುವುದಿಲ್ಲ. ಹಾಗಾಗಿ ದಿನ ಗೊತ್ತುಮಾಡಿ ಹೊಟ್ಟೆ ಕೊಯ್ದು ಕರು ತೆಗೆಯುವುದೇ ರೂಢಿ. ಹುಟ್ಟಿದ ಮೇಲೆ ಹೊಕ್ಕುಳ ದಪ್ಪ ಇರುವುದರಿಂದ ರಕ್ತ ಸೋರುತ್ತದೆ, ಸೋಂಕು ತಗಲುತ್ತದೆ. ಶ್ವಾಸಕೋಶ ಬಲಿಯದೆ ಆಮ್ಲಜನಕ ಕೊಡಬೇಕಾಗುತ್ತದೆ. ಮೊದಲ ವಾರ ಕಳೆದರೆ ಬದುಕುವ ಸಾಧ್ಯತೆ ಚೆನ್ನಾಗಿ ಏರುತ್ತದೆ.

ಗರ್ಭಕ್ಕೆ ಸೇರಿಸಿದ ನೂರು ಭ್ರೂಣಗಳಲ್ಲಿ ಜೀವಂತ ಕರು ಸಾಮಾನ್ಯವಾಗಿ 5ರಿಂದ 15ರ ಒಳಗೆ. ಇಂದಿಗೂ ಅಷ್ಟೇ.

ಹಾಲು-ತಳಿ

ಪಶುವೈದ್ಯೆ ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿ ಇಡಬೇಕು. ಕ್ಲೋನಿಂಗ್ ಇಂದು ಹಾಲಿಗಾಗಿ ಹಿಂಡನ್ನೇ ನಕಲು ಮಾಡುವ ವಿಧಾನವಲ್ಲ. ಅತ್ಯುತ್ತಮ ಹೋರಿಯೋ ಕೋಣವೋ ಸತ್ತರೆ ಅಥವಾ ಗಾಯಗೊಂಡರೆ ಅದರ ವೀರ್ಯದ ಮೂಲ ಉಳಿಸಿಕೊಳ್ಳುವ ದಾರಿ. ಒಂದು ಕ್ಲೋನ್ ಹೋರಿ ಹುಟ್ಟಿದರೆ ಸಾಕು, ಮುಂದಿನ ಸಾವಿರಾರು ಕರುಗಳು ಮಾಮೂಲಿ ಕೃತಕ ಗರ್ಭಧಾರಣೆಯಿಂದ ಹುಟ್ಟುತ್ತವೆ. ಆ ಮರಿಗಳಲ್ಲಿ ಕ್ಲೋನಿನ ಗುರುತಿನ ದೋಷಗಳು ಕಾಣುವುದಿಲ್ಲ, ಯಾಕೆಂದರೆ ವೀರ್ಯಾಣು ತಯಾರಾಗುವಾಗ ಗುರುತುಗಳು ಮತ್ತೆ ಅಳಿದು ಸರಿಯಾಗುತ್ತವೆ. ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ಗರಿಮಾ-2 ಎಂಬ ಕ್ಲೋನ್ ಎಮ್ಮೆ ಕೃತಕ ಗರ್ಭಧಾರಣೆಯಿಂದ ಗಬ್ಬವಾಗಿ 2013ರಲ್ಲಿ ಮಹಿಮಾ ಎಂಬ ಕರು ಹಾಕಿತು.

ಅಲ್ಲಿ ಬಳಸಿದ ಕೈವಿಧಾನವನ್ನೂ ಹೇಳಬೇಕು. ದುಬಾರಿ ಸೂಕ್ಷ್ಮಚಾಲಕ ಯಂತ್ರ ಬೇಡ. ಅಂಡಾಣುವಿನ ಹೊರಚಿಪ್ಪನ್ನು ಪ್ರೋನೇಸ್ ಕಿಣ್ವದಿಂದ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕೈಯಿಂದಲೇ ಸಣ್ಣ ಅಲಗಿನಿಂದ ವರ್ಣತಂತು ಇರುವ ತುದಿ ಕತ್ತರಿಸುತ್ತಾರೆ. ಕತ್ತರಿಸುವಾಗ ಒಳಗಿನ ದ್ರವ್ಯವೂ ಒಂದಿಷ್ಟು ಹೋಗುವುದರಿಂದ ಎರಡು ಅಂಡಾಣುಗಳ ಉಳಿದ ಭಾಗಗಳ ನಡುವೆ ಒಂದು ದಾನಿ ಕೋಶವನ್ನು ಫೈಟೊಹೆಮಗ್ಲುಟಿನಿನ್ ಅಂಟಿನಿಂದ ಕೂರಿಸಿ ಬೆಸೆಯುತ್ತಾರೆ. ಚಿಪ್ಪಿಲ್ಲದ ಭ್ರೂಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಟ್ಟೆಯ ತಳದಲ್ಲಿ ಪುಟ್ಟ ಗುಳಿಗಳನ್ನು ಒತ್ತಿ, ಒಂದೊಂದರಲ್ಲಿ ಒಂದೊಂದನ್ನೇ ಸಾಕುತ್ತಾರೆ. ಖರ್ಚು ಕಡಿಮೆ, ಆದರೆ ಒಂದು ಭ್ರೂಣಕ್ಕೆ ಎರಡು ಅಂಡಾಣು ಬೇಕು.

ಆಹಾರದ ಪ್ರಶ್ನೆ ಬಂದೇ ಬರುತ್ತದೆ. ಕ್ಲೋನ್ ಮಾಡಿದ ದನ, ಹಂದಿ, ಮೇಕೆಗಳ ಮಾಂಸ ಮತ್ತು ಹಾಲು ಮಾಮೂಲಿಯಷ್ಟೇ ಸುರಕ್ಷಿತ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರ ಜನವರಿಯಲ್ಲಿ ಹೇಳಿತು. ತಿನ್ನುವವನ ಆರೋಗ್ಯದ ಮಟ್ಟಿಗೆ ನಾನು ಅದನ್ನು ಒಪ್ಪುತ್ತೇನೆ.

ಪಶುವೈದ್ಯೆ

ತಿನ್ನುವವರ ಬಗ್ಗೆ ನನಗೂ ತಕರಾರಿಲ್ಲ. ಹೊರುವ ಹಸುವಿನ ಬಗ್ಗೆ ಆ ತೀರ್ಮಾನ ಏನೂ ಹೇಳುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಇದೇ ಲೆಕ್ಕವನ್ನು ಸಾಕುನಾಯಿಯ ಕ್ಲೋನಿಂಗ್‌ಗೆ ಹಾಕಿ ನೋಡಿ. ನಾಯಿಯ ಅಂಡಾಣು ಅಪಕ್ವವಾಗಿಯೇ ಹೊರಬಂದು, ನಾಳದಲ್ಲಿ ಎರಡು ಮೂರು ದಿನ ಮಾಗುತ್ತದೆ. ಹೊರಗೆ ತಟ್ಟೆಯಲ್ಲಿ ಮಾಗಿಸುವುದು ತೀರಾ ಕಷ್ಟ. ಆದ್ದರಿಂದ ಬೆದೆಗೆ ಬಂದ ಹೆಣ್ಣುನಾಯಿಯ ಹೊಟ್ಟೆ ತೆರೆದು, ನಾಳ ತೊಳೆದು ಅಂಡಾಣು ತೆಗೆಯಬೇಕು. ಬೆದೆ ವರ್ಷಕ್ಕೆ ಎರಡು ಬಾರಿಯಷ್ಟೇ ಬರುವುದರಿಂದ ತುಂಬ ನಾಯಿಗಳನ್ನು ಸಾಕಿ ಕಾಯಬೇಕು. ಭ್ರೂಣ ಸೇರಿಸಲು ಇನ್ನೊಂದು ನಾಯಿಗೆ ಇನ್ನೊಂದು ಶಸ್ತ್ರಚಿಕಿತ್ಸೆ. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ಕ್ಲೋನ್ ನಾಯಿ ಸ್ನಪ್ಪಿ ಹುಟ್ಟಿದಾಗ 1095 ಭ್ರೂಣಗಳನ್ನು 123 ನಾಯಿಗಳಿಗೆ ಸೇರಿಸಿದ್ದರು. ಹುಟ್ಟಿದ್ದು ಎರಡು ಮರಿ, ಅದರಲ್ಲಿ ಒಂದು 22 ದಿನಕ್ಕೆ ನ್ಯುಮೋನಿಯಾದಿಂದ ಸತ್ತಿತು. ಆಮೇಲೆ ದಕ್ಷತೆ ಏರಿದೆ, ನಿಜ. ಆದರೂ ಸತ್ತ ನಾಯಿಯ ದುಃಖಕ್ಕೆ ಬದಲಾಗಿ ಗುರುತು ಸಿಗದ ಹಲವು ನಾಯಿಗಳಿಗೆ ಕೊಯ್ತ ಹಾಕಿಸುವುದನ್ನು ನಾನು ಒಪ್ಪಲಾರೆ.

ಸಿಗುವುದಾದರೂ ಅದೇ ಪ್ರಾಣಿಯೇ? 2001ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕಿನ ದಾನಿ ಮೂರು ಬಣ್ಣದ್ದು. ಮರಿಗೆ ಕಿತ್ತಳೆ ಬಣ್ಣವೇ ಇರಲಿಲ್ಲ. ಹೆಣ್ಣು ಬೆಕ್ಕಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮುಚ್ಚಿರುತ್ತದೆ. ಕಿತ್ತಳೆಯ ವಂಶವಾಹಿ ಇರುವುದು ಎಕ್ಸ್ ಮೇಲೆ. ಒಂದೇ ಕೋಶದಿಂದ ಶುರುವಾದ ಆ ಮರಿಯಲ್ಲಿ ಕಿತ್ತಳೆಯ ಎಕ್ಸ್ ಮುಚ್ಚಿಯೇ ಉಳಿಯಿತು. ಮೈಬಣ್ಣವೇ ಹೀಗಾದರೆ ಸ್ವಭಾವದ ಮಾತು ದೂರ ಉಳಿಯಿತು.

ಹೊಸ ಓದುಗ

ಕ್ಲೋನ್ ಪ್ರಾಣಿ ಬೇಗ ಮುದಿಯಾಗುತ್ತದೆ ಎಂದು ಓದಿದ ನೆನಪು. ಡಾಲಿ ಆರೂವರೆ ವರ್ಷಕ್ಕೇ ಸತ್ತಿತಲ್ಲ?

ಕೋಶಕೇಂದ್ರ

ಆ ಮಾತು ತುಂಬ ಹರಡಿದೆ, ಆಧಾರ ಸಾಲದು. 2003ರ ಫೆಬ್ರವರಿಯಲ್ಲಿ ಡಾಲಿಗೆ ದಯಾಮರಣ ಕೊಟ್ಟದ್ದು ಶ್ವಾಸಕೋಶದ ಗಡ್ಡೆಗಾಗಿ. ಅದು ಒಂದು ವೈರಸ್‌ನಿಂದ ಕುರಿಗಳಲ್ಲಿ ಹರಡುವ ರೋಗ. ಅವಳ ವರ್ಣತಂತುಗಳ ತುದಿಯಲ್ಲಿದ್ದು ವಯಸ್ಸಿನೊಂದಿಗೆ ಸವೆಯುವ ಟೀಲೋಮಿಯರ್‌ಗಳು ವಯಸ್ಸಿಗೆ ಹೋಲಿಸಿದರೆ ಗಿಡ್ಡ ಎಂದು 1999ರಲ್ಲಿ ವರದಿಯಾದದ್ದು ನಿಜ. ಆದರೆ ಬೇರೆ ಕ್ಲೋನ್‌ಗಳಲ್ಲಿ ಸಹಜ ಉದ್ದವೂ ಕಂಡಿದೆ. ಅದೇ ಕೆಚ್ಚಲಿನ ಕೋಶಗಳಿಂದಲೇ ಆಮೇಲೆ ಹುಟ್ಟಿದ ನಾಲ್ಕು ಕುರಿಗಳನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಮುಪ್ಪಿನವರೆಗೆ ಸಾಕಿ, ರಕ್ತದೊತ್ತಡ, ಸಕ್ಕರೆ, ಕೀಲುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ವಯಸ್ಸಿಗೆ ತಕ್ಕ ಕೀಲುಸವೆತ ಬಿಟ್ಟರೆ ಆರೋಗ್ಯವಾಗಿದ್ದವು. ಅಪಾಯ ಸೇರಿಕೊಂಡಿರುವುದು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ದಿನಗಳಲ್ಲಿ. ಅದನ್ನು ದಾಟಿದ ಪ್ರಾಣಿ ಹೆಚ್ಚಾಗಿ ಸಹಜ ಆಯಸ್ಸು ಬದುಕುತ್ತದೆ.

ನ್ಯಾಯನೋಟ

ಮನುಷ್ಯರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಕೆಲಸಗಳನ್ನು ಬೇರೆಬೇರೆ ಇಟ್ಟುಕೊಂಡರೆ ಮಾತ್ರ ಚರ್ಚೆ ಸಾಧ್ಯ. ಒಂದು, ಮಗು ಹುಟ್ಟಿಸುವ ಕ್ಲೋನಿಂಗ್. ಇನ್ನೊಂದು, ಭ್ರೂಣವನ್ನು ಐದಾರು ದಿನ ಮಾತ್ರ ಬೆಳೆಸಿ ಅದರಿಂದ ಆಕರ ಕೋಶ (ದೇಹದ ಯಾವುದೇ ಬಗೆಯ ಕೋಶವಾಗಿ ಬೆಳೆಯಬಲ್ಲದ್ದು) ತೆಗೆಯುವ ಚಿಕಿತ್ಸಾ ಕ್ಲೋನಿಂಗ್.

ಮೊದಲನೆಯದರ ವಿರುದ್ಧ ಲೋಕದಲ್ಲಿ ಬಹುತೇಕ ಒಮ್ಮತ ಇದೆ. ಮಾನವ ಜೀನೋಮ್ ಕುರಿತ ಯುನೆಸ್ಕೊದ 1997ರ ಘೋಷಣೆಯ 11ನೇ ವಿಧಿ ಅದನ್ನು ಮಾನವ ಘನತೆಗೆ ವಿರುದ್ಧ ಎಂದಿತು. ಎರಡನೆಯದರಲ್ಲಿ ಒಡಕು ಇದೆ. ವಿಶ್ವಸಂಸ್ಥೆ 2005ರ ಮಾರ್ಚ್‌ನಲ್ಲಿ ಎಲ್ಲ ಬಗೆಯ ಮಾನವ ಕ್ಲೋನಿಂಗ್ ವಿರುದ್ಧ ಹೊರಡಿಸಿದ ಘೋಷಣೆಗೆ ಪರ 84, ವಿರುದ್ಧ 34, ತಟಸ್ಥ 37 ಮತ ಬಿದ್ದವು. ಅದಕ್ಕೆ ಕಾನೂನಿನ ಬಲವೂ ಇಲ್ಲ. ಬ್ರಿಟನ್ 2001ರಲ್ಲಿ ಮಗು ಹುಟ್ಟಿಸುವುದನ್ನು ಅಪರಾಧ ಮಾಡಿ, ಸಂಶೋಧನೆಗೆ ಪರವಾನಗಿಯೊಂದಿಗೆ ಅವಕಾಶ ಉಳಿಸಿಕೊಂಡಿತು. ನನಗೆ ಇದೇ ಸರಿಯಾದ ಗೆರೆ ಅನ್ನಿಸುತ್ತದೆ.

"ನಕಲು ಮನುಷ್ಯನಿಗೆ ವ್ಯಕ್ತಿತ್ವ ಇರುವುದಿಲ್ಲ" ಎಂಬ ವಾದ ನಿಲ್ಲುವುದಿಲ್ಲ. ಒಂದೇ ಭ್ರೂಣದ ಅವಳಿಗಳು ಕ್ಲೋನ್‌ಗಿಂತಲೂ ಹತ್ತಿರದವರು: ಒಂದೇ ಗರ್ಭ, ಒಂದೇ ಅಂಡಾಣು, ಒಂದೇ ಕಾಲ. ಕ್ಲೋನ್‌ನಲ್ಲಿ ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಕೊಡುವ ಭಾಗ) 37 ವಂಶವಾಹಿಗಳು ಅಂಡಾಣು ಕೊಟ್ಟವಳದು. ಆಕ್ಷೇಪ ಇರಬೇಕಾದದ್ದು ಬೇರೆ ಎರಡು ಕಡೆ. ಪಶುವೈದ್ಯೆಯವರು ವಿವರಿಸಿದ ಗರ್ಭದ ಅಪಾಯವನ್ನು ಒಬ್ಬ ಹೆಂಗಸಿನ ಮೇಲೆ, ಒಪ್ಪಿಗೆ ಕೊಡಲಾಗದ ಮಗುವಿನ ಮೇಲೆ ಹೇರುವುದು ಒಂದು. ಮುಂದೊಂದು ದಿನ ತಂತ್ರ ಸುರಕ್ಷಿತವಾದರೂ ಇನ್ನೊಂದು ಉಳಿಯುತ್ತದೆ: ಸತ್ತ ಮಗುವಿನ ಬದಲಿಗೆ ಎಂದೋ, ಇಂಥವರಂತೆಯೇ ಆಗಲಿ ಎಂದೋ ಒಂದು ಜೀವವನ್ನು ಹುಟ್ಟಿಸಿದರೆ, ಅದು ಹುಟ್ಟುವ ಮುನ್ನವೇ ಬೇರೊಬ್ಬರ ಬದುಕನ್ನು ಅಳತೆಗೋಲಾಗಿ ಅದರ ಪಕ್ಕ ನಿಲ್ಲಿಸಿದಂತೆ.

ಕೋಶಕೇಂದ್ರ

ಅಂಡಾಣು ಎಲ್ಲಿಂದ ಬರುತ್ತದೆ ಎಂಬುದನ್ನೂ ಸೇರಿಸಿ. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ತಂಡ 2005ರಲ್ಲಿ 185 ಅಂಡಾಣುಗಳಿಂದ ರೋಗಿಗಳಿಗೆ ಹೊಂದುವ 11 ಆಕರ ಕೋಶ ಸಾಲುಗಳನ್ನು ಪಡೆದೆವು ಎಂದು ಪ್ರಕಟಿಸಿತು. ತನಿಖೆಯಲ್ಲಿ ಒಂದೂ ಇರಲಿಲ್ಲ. ನಿಜವಾಗಿ ಬಳಸಿದ ಅಂಡಾಣುಗಳು 2000ಕ್ಕೂ ಹೆಚ್ಚು. ಕೆಲವಕ್ಕೆ ಹಣ ಕೊಟ್ಟಿದ್ದರು, ಕೆಲವು ಅದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರದು. ಮೇಲಧಿಕಾರಿ ಎದುರಿಗಿರುವಾಗ ಆ ಒಪ್ಪಿಗೆಗೆ ಏನು ಬೆಲೆ?

ಅಂಡಾಣು ಕೊಡುವುದು ರಕ್ತ ಕೊಟ್ಟಷ್ಟು ಸುಲಭವಲ್ಲ. ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು, ನಡುವೆ ಸ್ಕ್ಯಾನ್, ಕೊನೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ತೆಗೆಯುವುದು. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೀವ್ರವಾದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಮಾನವ ಕ್ಲೋನ್ ಭ್ರೂಣದಿಂದ ಆಕರ ಕೋಶ ನಿಜಕ್ಕೂ ಸಿಕ್ಕಿದ್ದು 2013ರಲ್ಲಿ, ಅಮೆರಿಕದ ಓರೆಗಾನ್‌ನಲ್ಲಿ. ವರ್ಣತಂತು ತೆಗೆಯುವಾಗ ಅಂಡಾಣು ತಾನಾಗಿ ಚುರುಕಾಗಿಬಿಡದಂತೆ ಕೆಫೀನ್ ಬಳಸಿದ್ದು ಅಲ್ಲಿನ ಮುಖ್ಯ ತಿದ್ದುಪಡಿಗಳಲ್ಲಿ ಒಂದು. ಆದರೆ ಅಷ್ಟರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ಅವರ ವಿಧಾನ ಬಂದಾಗಿತ್ತು. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಕ್ಕೆ ನಾಲ್ಕು ವಂಶವಾಹಿ ಸೇರಿಸಿ (ಆಕ್ಟ್3/4, ಸಾಕ್ಸ್2, ಕೆಎಲ್ಎಫ್4, ಸಿ-ಮಿಕ್) ನೇರವಾಗಿ ಆಕರ ಕೋಶ ಮಾಡಿದರು. ಅಂಡಾಣು ಬೇಡ, ಭ್ರೂಣ ಬೇಡ. ಅದರಲ್ಲೂ ತೊಡಕಿದೆ: ಸಿ-ಮಿಕ್ ಕ್ಯಾನ್ಸರಿಗೆ ನಂಟಿರುವ ವಂಶವಾಹಿ, ಸಾಕುವಾಗ ರೂಪಾಂತರಗಳೂ ಸೇರಿಕೊಳ್ಳುತ್ತವೆ. ಆದರೂ ಚಿಕಿತ್ಸೆಗೆಂದು ಮಾನವ ಕ್ಲೋನ್ ಭ್ರೂಣ ಬೇಕೇ ಬೇಕು ಎಂಬ ವಾದ ಅಂದಿನಿಂದ ತುಂಬ ಸೊರಗಿದೆ.

ಬದಲಿ ಅಂಗ

ಲಾಭದ ಪಟ್ಟಿಯಲ್ಲಿ ಎಲ್ಲರೂ ಮರೆತದ್ದು ಹಂದಿ. ಬದಲಿ ಅಂಗಕ್ಕಾಗಿ ಕಾಯುತ್ತಿರುವವರಿಗೆ ಇಂದು ಕ್ಲೋನಿಂಗ್‌ನಿಂದ ಸಿಗಬಹುದಾದ ಅತಿ ಹತ್ತಿರದ ಉಪಯೋಗ ಅದೇ. ಹಂದಿಯ ಕೋಶದಲ್ಲಿ ಮೊದಲು ವಂಶವಾಹಿ ತಿದ್ದಿ, ತಿದ್ದಿದ್ದು ಸರಿಯಿದೆಯೇ ಎಂದು ಪೂರ್ತಿ ಓದಿ ನೋಡಿ, ಆಮೇಲೆ ಅದೇ ಕೋಶದಿಂದ ಹಂದಿಯನ್ನು ಕ್ಲೋನ್ ಮಾಡುತ್ತಾರೆ. 2022ರ ಜನವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ ಕಸಿ ಮಾಡಿದ ಹಂದಿ ಹೃದಯದಲ್ಲಿ 10 ತಿದ್ದುಪಡಿ ಇದ್ದವು: ಹಂದಿಯ 4 ವಂಶವಾಹಿ ತೆಗೆದು, ಮನುಷ್ಯನ 6 ಸೇರಿಸಿದ್ದು. ರೋಗಿ ಸುಮಾರು ಎರಡು ತಿಂಗಳು ಬದುಕಿದರು. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ಕಸಿ ಮಾಡಿದ ಮೂತ್ರಪಿಂಡದಲ್ಲಿ 69 ತಿದ್ದುಪಡಿ, ಅದರಲ್ಲಿ 59 ಹಂದಿಯ ಜೀನೋಮ್‌ನೊಳಗೇ ಅಡಗಿರುವ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸಲು. ಇಷ್ಟನ್ನು ಭ್ರೂಣದಲ್ಲಿ ನೇರವಾಗಿ ಮಾಡಿದರೆ ಪ್ರತಿ ಮರಿಯಲ್ಲೂ ಬೇರೆಬೇರೆ ಫಲಿತಾಂಶ ಬರುತ್ತದೆ. ಇಲ್ಲಿ ಕ್ಲೋನಿಂಗ್‌ಗೆ ಬದಲಿ ಕಷ್ಟ.

ಅಂಗಾಂಶ ಕೃಷಿ

ಸಸ್ಯದ ಕಡೆಯಿಂದ ಒಂದೇ ಎಚ್ಚರಿಕೆ. ಬಾಳೆಯ ಅಂಗಾಂಶ ಕೃಷಿ ಕ್ಲೋನಿಂಗೇ. ಅಲ್ಲಿ ನೋವಿನ ಪ್ರಶ್ನೆ ಇಲ್ಲ, ಆದರೆ ಏಕರೂಪತೆಯ ಅಪಾಯ ಕಣ್ಣಿಗೆ ಕಾಣುವಂತಿದೆ. ಗ್ರೋ ಮಿಶೆಲ್ ತಳಿಯನ್ನು ಪನಾಮಾ ಸೊರಗು ರೋಗ ವಾಣಿಜ್ಯ ತೋಟಗಳಿಂದ ಅಳಿಸಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಅನ್ನು ಅದೇ ಫ್ಯುಸೇರಿಯಂ ಶಿಲೀಂಧ್ರದ ಟಿಆರ್4 ಬಗೆ ಈಗ ಹಿಡಿದಿದೆ. ಒಂದು ಗಿಡ ಸೋತರೆ ಎಲ್ಲವೂ ಸೋಲುತ್ತವೆ. ಹೋರಿಗಳ ಕ್ಲೋನಿಂಗ್ ಮಾಡುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ವನ್ಯಕೋಶ

ಅದಕ್ಕೆ ತದ್ವಿರುದ್ಧ ಉದಾಹರಣೆ ಇದೆ. ಮುಂಗುಸಿಯಂಥ ಪುಟ್ಟ ಮಾಂಸಾಹಾರಿ ಪ್ರಾಣಿಗಳಾದ ಅಮೆರಿಕದ ಕರಿಪಾದದ ಫೆರೆಟ್‌ಗಳೆಲ್ಲ ಏಳು ಪ್ರಾಣಿಗಳ ಸಂತತಿ. ಅಲ್ಲಿ ಕ್ಲೋನಿಂಗ್ ವೈವಿಧ್ಯವನ್ನು ಕುಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಆ ಏಳರಲ್ಲಿ ಸೇರದ ವಿಲ್ಲಾ ಎಂಬ ಹೆಣ್ಣಿನ ಕೋಶಗಳನ್ನು 1988ರಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. 2020ರ ಡಿಸೆಂಬರ್ 10ರಂದು ಅದರಿಂದ ಎಲಿಜಬೆತ್ ಆ್ಯನ್ ಹುಟ್ಟಿದಳು. ಇಂದಿನ ಹಿಂಡಿನಲ್ಲಿ ಇಲ್ಲದ ವಂಶವಾಹಿ ರೂಪಗಳು ಆ ಕೋಶಗಳಲ್ಲಿದ್ದವು. ಅವಳಿಗೆ ಮರಿಯಾಗಲಿಲ್ಲ, ಗರ್ಭಕೋಶದ ತೊಂದರೆಯಿಂದ ಅದನ್ನು ತೆಗೆಯಬೇಕಾಯಿತು. ಆಮೇಲಿನ ಕ್ಲೋನ್ ಆಂಟೋನಿಯಾ 2024ರಲ್ಲಿ ಮರಿ ಹಾಕಿದಳು.

ಅಳಿದ ಪ್ರಾಣಿಯನ್ನು ಮರಳಿ ತರುವ ಮಾತಿಗೆ ಮಾತ್ರ ನನ್ನ ಬೆಂಬಲ ಇಲ್ಲ. ಸ್ಪೇನಿನ ಪಿರನೀಸ್ ಬೆಟ್ಟಗಳ ಕಾಡುಮೇಕೆಯ ಕೊನೆಯ ಹೆಣ್ಣು 2000ದಲ್ಲಿ ಸತ್ತಿತು. 2003ರಲ್ಲಿ ಹುಟ್ಟಿದ ಅದರ ಕ್ಲೋನ್ ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಸತ್ತಿತು. ಬದುಕಿದ್ದರೂ ಗಂಡು ಎಲ್ಲಿತ್ತು? ಅದನ್ನು ಅಳಿಸಿದ ಕಾರಣಗಳು ಕಾಡಿನಲ್ಲಿ ಹಾಗೇ ಇದ್ದರೆ ಕ್ಲೋನ್ ಯಾವ ಉತ್ತರ?

ಹೊಸ ಓದುಗ

ಹಾಗಾದರೆ ವಿರಳ ತಳಿಗಳ ಮಟ್ಟಿಗೆ ಈಗಲೇ ಮಾಡಬಹುದಾದ, ಯಾರಿಗೂ ನೋವಾಗದ ಕೆಲಸ ಕೋಶ ಇಟ್ಟುಕೊಳ್ಳುವುದೇ? ಅದರ ಕ್ರಮ ಹೇಳುತ್ತೀರಾ?

ವನ್ಯಕೋಶ

ಹೌದು, ಅದೇ. ಕಿವಿಯ ಅಂಚಿನಿಂದ ಕೆಲವು ಮಿಲಿಮೀಟರ್ ಚರ್ಮ ಸಾಕು. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ತೆಗೆಯಬೇಕು. ಒದ್ದೆ ಸ್ಪಿರಿಟ್ ಕೋಶ ಕೊಲ್ಲುತ್ತದೆ. ಪ್ರತಿಜೀವಕ ಮತ್ತು ಶಿಲೀಂಧ್ರನಾಶಕ ಸೇರಿಸಿದ ಪೋಷಕ ದ್ರವದಲ್ಲಿ ಹಾಕಿ 4 ಡಿಗ್ರಿಯಲ್ಲಿಟ್ಟು, ಸಾಧ್ಯವಾದರೆ 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಿ. ನೇರ ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಸತ್ತ ಪ್ರಾಣಿಯಾದರೂ ದೇಹವನ್ನು ಕೂಡಲೇ ತಂಪಿನಲ್ಲಿಟ್ಟಿದ್ದರೆ ಪ್ರಯತ್ನಿಸಬಹುದು.

ಅಲ್ಲಿ ಚರ್ಮವನ್ನು ಒಂದು ಮಿಲಿಮೀಟರ್ ಚೂರು ಮಾಡಿ, ಶೇ. 10 ಸೀರಮ್ ಇರುವ ದ್ರವದಲ್ಲಿ ತಟ್ಟೆಗೆ ಅಂಟಿಸುತ್ತಾರೆ. ಒಂದೆರಡು ವಾರದಲ್ಲಿ ಅಂಚಿನಿಂದ ಫೈಬ್ರೊಬ್ಲಾಸ್ಟ್‌ಗಳು ಹರಿದು ಬರುತ್ತವೆ. ಬೇಗನೆ, ಮೊದಲ ಕೆಲವು ಮರುಸಾಗಣೆಗಳಲ್ಲೇ (ತುಂಬಿದ ತಟ್ಟೆಯಿಂದ ಹೊಸ ತಟ್ಟೆಗೆ ಹಂಚುವುದು) ಹೆಪ್ಪುಗಟ್ಟಿಸಬೇಕು. ಹೆಚ್ಚು ಬೆಳೆಸಿದಷ್ಟೂ ವರ್ಣತಂತು ಕೆಡುತ್ತದೆ. ಕೋಶವನ್ನು ಹೆಪ್ಪಿನ ಪೆಟ್ಟಿನಿಂದ ಕಾಯುವ ಶೇ. 10 ಡಿಎಂಎಸ್‌ಒ ಸೇರಿಸಿ, ಒಂದು ಶೀಷೆಗೆ ಸುಮಾರು ಹತ್ತು ಲಕ್ಷ ಕೋಶದಂತೆ, ನಿಮಿಷಕ್ಕೆ ಒಂದು ಡಿಗ್ರಿ ಇಳಿಸುತ್ತ ಮೈನಸ್ 80ಕ್ಕೆ ತಂದು, ಆಮೇಲೆ ದ್ರವ ಸಾರಜನಕಕ್ಕೆ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮತ್ತು ವರ್ಣತಂತು ಎಣಿಕೆ ಮಾಡದೆ ಯಾವ ಶೀಷೆಯನ್ನೂ ಒಳಗಿಡಬಾರದು.

ಪಶುವೈದ್ಯೆ

ಎರಡು ಸೇರಿಸುತ್ತೇನೆ. ಒಂದೇ ಕಟ್ಟಡದಲ್ಲಿ ಎಲ್ಲ ಶೀಷೆ ಇಡಬೇಡಿ. ಒಂದು ಟ್ಯಾಂಕಿನಲ್ಲಿ ಸಾರಜನಕ ಖಾಲಿಯಾದರೆ ತಳಿಯೇ ಹೋಗುತ್ತದೆ, ಎರಡು ಊರಿನಲ್ಲಿ ಹಂಚಿಡಿ. ಇನ್ನೊಂದು, ಪ್ರಾಣಿಯ ವಂಶಾವಳಿ, ತೆಗೆದ ದಿನ, ಆಗಿನ ಆರೋಗ್ಯದ ವಿವರ ಮತ್ತು ಒಡೆಯರ ಲಿಖಿತ ಒಪ್ಪಿಗೆ ಶೀಷೆಯ ಸಂಖ್ಯೆಯ ಜೊತೆಗೇ ಇರಲಿ. ಮುಂದೆ ಆ ಕೋಶದಿಂದ ಕ್ಲೋನ್ ಮಾಡಲು ಯಾರಿಗೆ ಹಕ್ಕಿದೆ, ಹುಟ್ಟಿದ ಪ್ರಾಣಿ ಯಾರದು ಎಂಬುದನ್ನು ಆ ಒಪ್ಪಿಗೆಯಲ್ಲೇ ಬರೆಸಿಕೊಳ್ಳಿ.